ಇಪ್ಪತ್ತನೆಯ ಗೆಲುವಿನ ರಾತ್ರಿ

ಚಳಿಗಾಲದಲ್ಲಿ ಬೇಸ್‌ಬಾಲ್ ಇಲ್ಲ. ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ಆಟ ಮುಗಿಯಿತೆಂದರೆ ಮತ್ತೆ ಚೆಂಡು ಕಾಣಲು ವಸಂತ ಬರಬೇಕು. ನಡುವಿನ ತಿಂಗಳುಗಳಲ್ಲಿ ಆಟ ಬಲ್ಲವರಿಗೆ ಉಳಿಯುವುದು ಮಾತು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಹಿತ್ತಿಲಲ್ಲಿ ಡಿಸೆಂಬರಿನ ಸಂಜೆಗಳಲ್ಲಿ ಬೆಂಕಿ ಹಾಕಿ, ಸುತ್ತ ಕುರ್ಚಿ ಎಳೆದುಕೊಂಡು ಕೂರುವ ನಾಲ್ಕಾರು ಮನೆಯವರಿದ್ದೇವೆ. ಎಲ್ಲರೂ ಓಕ್ಲೆಂಡ್ ಅಥ್ಲೆಟಿಕ್ಸ್ ಕಡೆಯವರು. ಊರವರ ಬಾಯಲ್ಲಿ ಆ ತಂಡ ಬರೀ ‘ಏಸ್’. ಈ ವರ್ಷ ಯಾರನ್ನು ಬಿಟ್ಟುಕೊಟ್ಟರು, ಯಾರನ್ನು ತಂದರು, ಯಾವ ಹುಡುಗನ ಭುಜದ ನೋವು ವಾಸಿಯಾಯಿತು ಎಂದು ಶುರುವಾದ ಮಾತು ಹಳೆಯ ಮೈದಾನಕ್ಕೆ ಬಂದೇ ಬರುತ್ತದೆ. ಆಗ ಯಾರಾದರೊಬ್ಬರು ನನ್ನ ಕಡೆ ತಿರುಗಿ, ‘ಅಕ್ಕಾ, ಆ ಇಪ್ಪತ್ತನೇ ಮ್ಯಾಚಿನ ಕಥೆ ಹೇಳಿ’ ಅನ್ನುತ್ತಾರೆ. ಹೇಳುತ್ತೇನೆ. ಆ ರಾತ್ರಿಯನ್ನು ಸಿನಿಮಾದಲ್ಲಿ ನೋಡಿದವರು ಲಕ್ಷಾಂತರ ಜನ. ಮೂರನೆಯ ಅಂತಸ್ತಿನಲ್ಲಿ ಕೂತು ನೋಡಿದವರ ಮಾತನ್ನೂ ಯಾರಾದರೂ ಬರೆದಿಡಬೇಕು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನಿಂದ ಇಲ್ಲಿಗೆ ಬಂದದ್ದು 1999ರಲ್ಲಿ, ಮದುವೆಯಾದ ಹೊಸತರಲ್ಲಿ. ಎಚ್-4 ವೀಸಾದಲ್ಲಿ ಬಂದ ಹೆಂಡತಿಯರಿಗೆ ಆಗ ಕೆಲಸ ಮಾಡುವ ಹಕ್ಕಿರಲಿಲ್ಲ. ಇವರು ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆಯೇ ಮನೆಗೆ ಬರುವುದು. ಅಡುಗೆಮನೆಯ ಕಟ್ಟೆಯ ಮೇಲೆ ಹಿಂದಿನ ಬಾಡಿಗೆಯವರು ಬಿಟ್ಟುಹೋದ ರೇಡಿಯೋ ಒಂದಿತ್ತು. ಒಂದು ಮಧ್ಯಾಹ್ನ ಅದರ ಮುಳ್ಳು ತಿರುಗಿಸುತ್ತಿದ್ದಾಗ ಬಿಲ್ ಕಿಂಗ್ ಅವರ ದನಿ ಸಿಕ್ಕಿತು. 1981ರಿಂದ 2005ರಲ್ಲಿ ತೀರಿಕೊಳ್ಳುವವರೆಗೆ ಏಸ್ ತಂಡದ ಆಟವನ್ನು ರೇಡಿಯೋದಲ್ಲಿ ಹೇಳಿದವರು ಅವರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಚೆಂಡು ಎಸೆಯುವವನು ಟೋಪಿಯನ್ನು ಹೇಗೆ ಸರಿಮಾಡಿಕೊಂಡ, ಎಲ್ಲವನ್ನೂ ಹೇಳುತ್ತಾ ಹೇಳುತ್ತಾ ಏನಾದರೂ ನಂಬಲಾಗದ್ದು ನಡೆದರೆ ‘ಹೋಲಿ ಟೊಲಿಡೋ!’ ಎಂದು ಕೂಗುತ್ತಿದ್ದರು. ಸಾರಿಗೆ ಒಗ್ಗರಣೆ ಹಾಕುತ್ತಾ, ಅಕ್ಕಿ ಆರಿಸುತ್ತಾ ನಾನು ಕಲಿತ ಬೇಸ್‌ಬಾಲ್ ಅದು. ಇಲ್ಲಿಯವರು ಮಾತಾಡುವ ಇಂಗ್ಲಿಷನ್ನು ಕಲಿಸಿದ್ದೂ ಅದೇ ದನಿ.

ಕ್ರಿಕೆಟ್ ಬಲ್ಲವರಿಗೆ ಈ ಆಟ ದೂರದ್ದಲ್ಲ. ಒಂದೊಂದು ತಂಡಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದು ಇನ್ನಿಂಗ್ಸಿಗೆ ಮೂರು ಔಟ್. ಹೊಡೆದವನು ಬೇಸ್ ಎಂಬ ನಾಲ್ಕು ಮೂಲೆಗಳನ್ನು ಸುತ್ತಿ ಮನೆಗೆ ಬಂದರೆ ಒಂದು ರನ್. ಹೊಡೆದ ಚೆಂಡು ಬೇಲಿ ದಾಟಿದರೆ ಹೋಮ್‌ರನ್; ಹೊಡೆದವನೂ ಬೇಸುಗಳಲ್ಲಿ ನಿಂತವರೂ ಎಲ್ಲರೂ ಮನೆಗೆ. ಮನೆಯ ತಂಡ ಯಾವಾಗಲೂ ಎರಡನೆಯದಾಗಿ ಆಡುತ್ತದೆ. ಹಾಗಾಗಿ ಒಂಬತ್ತನೆಯ ಇನ್ನಿಂಗ್ಸಿನ ಕೆಳಭಾಗದಲ್ಲಿ ಒಂದೇ ಹೊಡೆತಕ್ಕೆ ಆಟ ಮುಗಿದುಹೋಗಬಹುದು. ನನ್ನ ಕಥೆಗೆ ಇಷ್ಟು ಸಾಕು.

2002ರ ಬೇಸಿಗೆಯಲ್ಲಿ ಅತ್ತೆ, ಮಾವ ಆರು ತಿಂಗಳಿಗೆಂದು ಬಂದರು. ಮಗಳು ಹುಟ್ಟಿ ಇನ್ನೂ ವರ್ಷ ತುಂಬಿತ್ತಷ್ಟೆ. ಸಿಲಿಕಾನ್ ವ್ಯಾಲಿಗೆ ಅದು ಕೆಟ್ಟ ಕಾಲ. ಡಾಟ್‌ಕಾಂ ಕಂಪನಿಗಳು ಮುಳುಗಿ, ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎಷ್ಟೋ ಕನ್ನಡದ, ತೆಲುಗಿನ ಮನೆಗಳು ಸಾಮಾನು ಮಾರಿ ಊರಿಗೆ ಹೊರಟಿದ್ದವು. ವೀಸಾ ಕೆಲಸಕ್ಕೆ ಅಂಟಿಕೊಂಡಿದ್ದರಿಂದ ಕೆಲಸ ಹೋದರೆ ಇಲ್ಲಿರುವ ಹಾಗಿರಲಿಲ್ಲ. ಇವರ ಆಫೀಸಿನಲ್ಲೂ ಸುತ್ತಿನ ಮೇಲೆ ಸುತ್ತು ಜನರನ್ನು ತೆಗೆಯುತ್ತಿದ್ದರು. ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾಗಿದ್ದ ಮಾವ ಮಗನ ಮುಖ ನೋಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಒಂದು ಸಂಜೆ ಅಡುಗೆಮನೆಗೆ ಬಂದು ರೇಡಿಯೋ ಪಕ್ಕ ನಿಂತರು. ‘ಇದೇನಮ್ಮಾ, ಕಾಮೆಂಟರಿನಾ?’

ಮಾವ ಮೈಸೂರಿನ ಕ್ಲಬ್ ಮ್ಯಾಚುಗಳಿಗೆ ವರ್ಷಗಟ್ಟಲೆ ಸ್ಕೋರು ಬರೆದವರು. ಸಂಬಳವಿಲ್ಲದ ಕೆಲಸ. ಭಾನುವಾರ ಬೆಳಿಗ್ಗೆ ದೋಸೆ ತಿಂದು, ಎರಡು ಪೆನ್ಸಿಲ್ ಚೂಪು ಮಾಡಿಕೊಂಡು ಹೊರಟರೆ ಸಂಜೆಯವರೆಗೆ ಮೈದಾನದ ಅಂಚಿನ ಮೇಜು ಬಿಟ್ಟು ಏಳುತ್ತಿರಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ರೇಡಿಯೋದಲ್ಲಿ ಎರಡು ಮ್ಯಾಚ್ ಕೇಳುವಷ್ಟರಲ್ಲಿ ಅವರಿಗೆ ಆಟದ ಅಂದಾಜು ಸಿಕ್ಕಿತ್ತು. ಮೂರನೆಯದಕ್ಕೆ, ‘ಇದನ್ನ ಕಣ್ಣಲ್ಲಿ ನೋಡಬೇಕಲ್ಲಮ್ಮ’ ಅಂದರು. ಅತ್ತೆ, ‘ಹೋಗ್ಬನ್ನಿ, ಮಗೂನ ನಾನು ನೋಡ್ಕೋತೀನಿ’ ಎಂದು ಕೋಡುಬಳೆ ಕಟ್ಟಿಕೊಟ್ಟರು.

ಓಕ್ಲೆಂಡ್ ಕೊಲಿಸಿಯಂಗೆ ಫ್ರೀಮಾಂಟಿನಿಂದ ಬಾರ್ಟ್ ರೈಲು. ಸ್ಟೇಷನ್ನಿನಿಂದ ಮೈದಾನಕ್ಕೆ ಒಂದು ಉದ್ದನೆಯ ಕಾಲುಸೇತುವೆ; ಎರಡೂ ಕಡೆ ಮುಳ್ಳುತಂತಿಯ ಬೇಲಿ, ಕೆಳಗೆ ರೈಲುಹಳಿ, ಗುಜರಿ ಅಂಗಳ, ಕೊಳಚೆ ಕಾಲುವೆ. ಸೇತುವೆಯುದ್ದಕ್ಕೂ ಕಡಲೆಕಾಯಿ, ನೀರಿನ ಬಾಟಲಿ, ಟೋಪಿ ಮಾರುವವರು. ಹೊರಗಿನಿಂದ ನೋಡಿದರೆ ಆ ಮೈದಾನ ಬರೀ ಕಾಂಕ್ರೀಟಿನ ಬಳೆ. 1966ರಲ್ಲಿ ತೆರೆದದ್ದು. ನೆಲವನ್ನು ಎಷ್ಟು ಆಳಕ್ಕೆ ಅಗೆದಿದ್ದರೆಂದರೆ ಆಟದ ಅಂಗಳವೇ ಸಮುದ್ರಮಟ್ಟಕ್ಕಿಂತ ಕೆಳಗಿತ್ತು. ಹಿಂದೆ ಅಂಗಳದ ಆಚೆ ಓಕ್ಲೆಂಡಿನ ಬೆಟ್ಟಸಾಲು ಕಾಣುತ್ತಿತ್ತಂತೆ. ತೊಂಬತ್ತರ ದಶಕದಲ್ಲಿ ರೇಡರ್ಸ್ ಎಂಬ ಫುಟ್‌ಬಾಲ್ ತಂಡವನ್ನು ಮರಳಿ ಕರೆತರಲು ಅಲ್ಲೊಂದು ದೈತ್ಯ ಗ್ಯಾಲರಿ ಕಟ್ಟಿ ಬೆಟ್ಟವನ್ನು ಮುಚ್ಚಿಬಿಟ್ಟರು. ಆ ಗ್ಯಾಲರಿಯನ್ನು ಅಭಿಮಾನಿಗಳು ಕೊನೆಯವರೆಗೂ ಕ್ಷಮಿಸಲಿಲ್ಲ, ನಾನೂ ಕ್ಷಮಿಸಿಲ್ಲ. ಆದರೆ ಒಳಗೆ ಕಾಲಿಟ್ಟು, ಸುರಂಗದಂಥ ದಾರಿ ಮುಗಿದು, ದೀಪದ ಬೆಳಕಿನಲ್ಲಿ ಆ ಹಸಿರು ಒಮ್ಮೆಗೇ ಎದುರಾದಾಗ ಮಾವ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಹಿಂದಿನವರು ಸುತ್ತುಹಾಕಿಕೊಂಡು ಹೋದರು.

ಮೇಲಂತಸ್ತಿನ ಅಗ್ಗದ ಸೀಟು ನಮ್ಮದು, ಮೊದಲ ಬೇಸಿನ ಕಡೆ. ಪಕ್ಕದಲ್ಲಿ ಮಡಿಲ ಮೇಲೆ ಹಲಗೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಏನೋ ಬರೆಯುತ್ತಿದ್ದ ಕಪ್ಪು ಮನುಷ್ಯರೊಬ್ಬರು. ಅಂಚೆ ಇಲಾಖೆಯಲ್ಲಿ ಇಡೀ ಜೀವಮಾನ ಕಾಗದ ಹಂಚಿ ನಿವೃತ್ತರಾದವರು, ಉತ್ತರ ಓಕ್ಲೆಂಡಿನಲ್ಲೇ ಹುಟ್ಟಿ ಬೆಳೆದವರು. ನಮ್ಮ ಮಗಳು ಮುಂದೆ ಅವರಿಗೆ ಪೋಸ್ಟ್ ತಾತ ಎಂದು ಹೆಸರಿಟ್ಟಳು. ಮಾವ ಅವರ ಹಲಗೆಯನ್ನು ಓರೆಗಣ್ಣಿನಲ್ಲಿ ನೋಡಿದರು. ತಡೆಯಲಾರದೆ ಬಾಗಿ ನೋಡಿದರು. ಅದು ಸ್ಕೋರ್ ಹಾಳೆ.

ಅವತ್ತು ಆ ಇಬ್ಬರು ಮಾತಾಡಿದ್ದು ಹೆಚ್ಚಾಗಿ ಬೆರಳಲ್ಲಿ. ಬೇಸ್‌ಬಾಲಿನಲ್ಲಿ ಪ್ರತಿ ಜಾಗಕ್ಕೂ ಒಂದು ಅಂಕಿ. ಚೆಂಡು ಎಸೆಯುವವನು 1, ಹಿಡಿಯುವವನು 2, ಮೊದಲ ಬೇಸಿನವನು 3, ಹೀಗೆ ಬಲಬದಿಯ ಹೊರ ಅಂಗಳದವನು 9. ಎರಡು ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಅವನು ನೆಲದ ಚೆಂಡನ್ನು ಎತ್ತಿ ಮೊದಲ ಬೇಸಿಗೆ ಎಸೆದು ಔಟ್ ಮಾಡಿದರೆ ಹಾಳೆಯಲ್ಲಿ ‘6-3’. ಮೂರು ಸಲ ಬೀಸಿ ತಪ್ಪಿದವನಿಗೆ ‘ಕೆ’. ಬೀಸದೆ ನೋಡುತ್ತಾ ನಿಂತು ಔಟಾದವನಿಗೆ ಅದೇ ‘ಕೆ’ ಅಕ್ಷರ ಹಿಂದುಮುಂದಾಗಿ. ಇದನ್ನು ಕೇಳಿದಾಗ ಮಾವನಿಗೆ ಆದ ಸಂತೋಷ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಟಗಾರನ ಹೆಸರಿನ ಮುಂದೆ ಅವನ ಸಂಕೋಚವನ್ನೂ ದಾಖಲಿಸುವ ಲೆಕ್ಕ! ಮುಂದಿನ ಮ್ಯಾಚಿಗೆ ಅವರು ಉದ್ದನೆಯ ನೋಟ್‌ಬುಕ್ಕಿಗೆ ಸ್ಕೇಲಿನಲ್ಲಿ ಗೆರೆ ಹಾಕಿಕೊಂಡೇ ಬಂದರು. ಅಂಕಿಗಳನ್ನು ಎಲ್ಲರಂತೆ ಬರೆದರೂ ಹೆಸರುಗಳನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದರು: ತೆಹಾದಾ, ಶಾವೆಜ್, ಡೈ.

ಆ ಬೇಸಿಗೆಯಲ್ಲಿ ಅವರಿಬ್ಬರ ನಡುವೆ ನಡೆದ ಮಾತುಗಳಲ್ಲಿ ನನಗೆ ತುಂಬ ಇಷ್ಟವಾದದ್ದು 1974ರ ಮಾತು. ಏಸ್ ತಂಡ 1972, 73, 74ರಲ್ಲಿ ಸಾಲಾಗಿ ಮೂರು ವರ್ಷ ವರ್ಲ್ಡ್ ಸೀರೀಸ್ ಗೆದ್ದಿತ್ತು. ರೆಜಿ ಜಾಕ್ಸನ್, ಕ್ಯಾಟ್‌ಫಿಶ್ ಹಂಟರ್, ತಿರುಚಿದ ಮೀಸೆಯ ರಾಲಿ ಫಿಂಗರ್ಸ್. ಮೀಸೆ ಬಿಟ್ಟ ಆಟಗಾರರಿಗೆ ಆಗಿನ ಮಾಲೀಕ ಚಾರ್ಲಿ ಫಿನ್ಲಿ 300 ಡಾಲರ್ ಬಹುಮಾನ ಕೊಟ್ಟಿದ್ದನ್ನು ಪೋಸ್ಟ್ ತಾತ ನಗುತ್ತಾ ಹೇಳಿದರು. ಮಾವ ಸುಮ್ಮನೆ ಕೇಳಿ, ಆಮೇಲೆ ತಮ್ಮದನ್ನು ಬಿಚ್ಚಿದರು. ಅದೇ 1974ರ ಮಾರ್ಚಿನಲ್ಲಿ ಬೆಂಗಳೂರಿನ ಮೈದಾನದಲ್ಲಿ ರಣಜಿ ಸೆಮಿಫೈನಲ್. ಎದುರಿಗೆ ಹದಿನೈದು ವರ್ಷ ಒಂದೇ ಸಮನೆ ಟ್ರೋಫಿ ಗೆದ್ದಿದ್ದ ಬಾಂಬೆ. ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಎಂದಾಗಿ ಇನ್ನೂ ಐದು ತಿಂಗಳಾಗಿರಲಿಲ್ಲ. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ ಕೂಡ ನೂರು ದಾಟಿದರು. ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಮಾವ ರಜೆ ಹಾಕಿ ಹೋಗಿ ಅದನ್ನು ನೋಡಿದ್ದರು. ಪ್ರಸನ್ನ ಚೆಂಡನ್ನು ಗಾಳಿಯಲ್ಲಿ ಹೇಗೆ ತಡೆದು ನಿಲ್ಲಿಸಿದರು ಎಂಬುದನ್ನು ಕೋಡುಬಳೆ ಹಿಡಿದ ಕೈಯಲ್ಲೇ ಮಾಡಿ ತೋರಿಸಿದರು. ಪೋಸ್ಟ್ ತಾತನಿಗೆ ಗಾವಸ್ಕರ್ ಯಾರೆಂದು ಗೊತ್ತಿರಲಿಲ್ಲ, ಆದರೆ ಹದಿನೈದು ವರ್ಷ ಗೆದ್ದವರನ್ನು ಸೋಲಿಸುವುದೆಂದರೇನೆಂದು ಗೊತ್ತಿತ್ತು. ನ್ಯೂಯಾರ್ಕಿನ ಬಲಾಢ್ಯ ತಂಡವನ್ನು ನೆನೆದು, ‘ನಿಮ್ಮ ಬಾಂಬೆ ನಮ್ಮ ಯಾಂಕೀಸ್’ ಅಂದುಬಿಟ್ಟರು.

2002ರ ಏಸ್ ಬಡ ತಂಡ. ಯಾಂಕೀಸ್ ಆಟಗಾರರ ಸಂಬಳದ ಮೊತ್ತ ಸುಮಾರು 12.5 ಕೋಟಿ ಡಾಲರ್. ನಮ್ಮದು ಸುಮಾರು 4 ಕೋಟಿ. ಹಿಂದಿನ ಚಳಿಗಾಲದಲ್ಲಿ ಜೇಸನ್ ಜಿಯಾಂಬಿಯನ್ನು ಯಾಂಕೀಸ್, ಜಾನಿ ಡೇಮನ್‌ನನ್ನು ಬಾಸ್ಟನ್, ಜೇಸನ್ ಇಸ್ರಿಂಗ್‌ಹೌಸೆನ್‌ನನ್ನು ಸೇಂಟ್ ಲೂಯಿಸ್ ಹೆಚ್ಚು ದುಡ್ಡು ಕೊಟ್ಟು ಕರೆದುಕೊಂಡಿದ್ದವು. ಉಳಿದವರ ಜೊತೆಗೆ, ಬೇರೆಯವರು ಬೇಡವೆಂದವರನ್ನು ಹುಡುಕಿ ತಂದಿದ್ದರು. ಅಂಥವರಲ್ಲೊಬ್ಬ ಸ್ಕಾಟ್ ಹ್ಯಾಟೆಬರ್ಗ್. ಬಾಸ್ಟನ್ನಿನಲ್ಲಿ ಕ್ಯಾಚರ್ ಆಗಿದ್ದವನು. ಮೊಣಕೈ ನರಕ್ಕೆ ಪೆಟ್ಟಾಗಿ ಮೊದಲಿನಂತೆ ಚೆಂಡು ಎಸೆಯಲಾಗದೆ ವೃತ್ತಿಯೇ ಮುಗಿಯಿತೆಂದು ಕೂತಿದ್ದವನನ್ನು ಕರೆದು, ಹಿಂದೆಂದೂ ಆಡಿರದ ಮೊದಲ ಬೇಸಿನಲ್ಲಿ ನಿಲ್ಲಿಸಿದರು. ಕೆಟ್ಟ ಚೆಂಡಿಗೆ ಬೀಸದೆ ಕಾಯುವ ತಾಳ್ಮೆ ಅವನಿಗಿತ್ತು. ಕೆಲಸ ಹೋದವರೇ ತುಂಬಿದ್ದ ಆ ವರ್ಷ ನಮ್ಮಂಥ ಮನೆಗಳಿಗೆ ಅವನ ಮೇಲೆ ಯಾಕೆ ಅಷ್ಟು ಅಕ್ಕರೆ ಹುಟ್ಟಿತೆಂದು ಬಿಡಿಸಿ ಹೇಳಬೇಕಿಲ್ಲ.

ಆಗಸ್ಟ್ 13ಕ್ಕೆ ಶುರುವಾದ ಗೆಲುವಿನ ಸಾಲು ನಿಲ್ಲಲೇ ಇಲ್ಲ. ಹತ್ತಾಯಿತು, ಹದಿನೈದಾಯಿತು. ಇವರೂ ಊಟದ ಹೊತ್ತಿಗೆ, ‘ಇವತ್ತೇನಾಯ್ತು?’ ಎಂದು ಕೇಳತೊಡಗಿದರು. ಸೆಪ್ಟೆಂಬರ್ 1ರಂದು ಸೋತೇಬಿಟ್ಟರು ಅಂದುಕೊಳ್ಳುವಾಗ ಮಿಗೆಲ್ ತೆಹಾದಾ ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಮೂರು ರನ್ನಿನ ಹೋಮ್‌ರನ್ ಹೊಡೆದು ಹದಿನೆಂಟನೆಯದನ್ನು ಗೆಲ್ಲಿಸಿದ. ಮಾರನೆಯ ದಿನ ಮತ್ತೆ ಅವನೇ ಕೊನೆಯ ಹೊಡೆತ ಹೊಡೆದು ಹತ್ತೊಂಬತ್ತು. ಏಸ್ ಆಡುವ ಅಮೆರಿಕನ್ ಲೀಗಿನಲ್ಲಿ ಹತ್ತೊಂಬತ್ತಕ್ಕಿಂತ ಹೆಚ್ಚು ಸಾಲಾಗಿ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ. ಸೆಪ್ಟೆಂಬರ್ 4, ಬುಧವಾರ ರಾತ್ರಿ, ಕೆನ್ಸಸ್ ಸಿಟಿ ರಾಯಲ್ಸ್ ಎದುರು ಇಪ್ಪತ್ತನೆಯದು.

ಆ ಸಂಜೆ ಬಾರ್ಟ್ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೇತುವೆಯ ಮೇಲೆ ಜಾತ್ರೆಯ ನೂಕು. 55,528 ಜನ. ನಮ್ಮ ಹೊಟ್ಟೆಯುರಿಯ ಗ್ಯಾಲರಿಯೂ ತುಂಬಿತ್ತು. ಮಾವ ಸ್ವೆಟರಿನ ಮೇಲೆ ಮಫ್ಲರ್ ಸುತ್ತಿ ನೋಟ್‌ಬುಕ್ ತೆರೆದರು. ಎಸೆಯುವವನು ಟಿಮ್ ಹಡ್ಸನ್. ಮೊದಲ ಇನ್ನಿಂಗ್ಸಿನಲ್ಲೇ ನಮ್ಮವರು ಆರು ರನ್ ಬಾರಿಸಿದರು. ಎರಡನೆಯದರಲ್ಲಿ ಒಂದು, ಮೂರನೆಯದರಲ್ಲಿ ನಾಲ್ಕು. 11-0. ಮೈದಾನದ ತುಂಬ ಹಬ್ಬ. ಪರಿಚಯವಿಲ್ಲದವರು ಒಬ್ಬರಿಗೊಬ್ಬರು ಕಡಲೆಕಾಯಿ ಹಂಚುತ್ತಿದ್ದರು. ಮುಂದಿನ ಸಾಲಿನ ಕುಟುಂಬವೊಂದು ನಿದ್ದೆ ಹತ್ತಿದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೇನಿದೆ ಎಂದು ಎದ್ದು ಹೊರಟಿತು. ಮಾವ ಅವರನ್ನು ನೋಡಿ ನನ್ನ ಕಡೆ ತಿರುಗಿ, ‘ಸ್ಕೋರರ್ ಮಧ್ಯದಲ್ಲಿ ಏಳೋ ಹಾಗಿಲ್ಲಮ್ಮ’ ಅಂದರು.

ನಾಲ್ಕನೆಯ ಇನ್ನಿಂಗ್ಸಿನಲ್ಲಿ ರಾಯಲ್ಸ್ ಐದು ರನ್ ತೆಗೆದಾಗ ಯಾರೂ ಹೆದರಲಿಲ್ಲ. 11-5, ಇರಲಿ ಬಿಡು. ಎಂಟನೆಯ ಇನ್ನಿಂಗ್ಸಿನಲ್ಲಿ ಅವರು ಮತ್ತೆ ಐದು ತೆಗೆದರು. ಮೈಕ್ ಸ್ವೀನಿ ಹೊಡೆದ ಮೂರು ರನ್ನಿನ ಹೋಮ್‌ರನ್ ಬೇಲಿ ದಾಟಿದಾಗ ಮೈದಾನದ ಸದ್ದು ಹೇಗೆ ಬಿತ್ತೆಂದರೆ, ಹೊರಗೆ ಹೆದ್ದಾರಿಯಲ್ಲಿ ಹೋಗುವ ಲಾರಿಗಳ ಸದ್ದು ಕೇಳಿಸಿತು. 11-10. ಒಂಬತ್ತನೆಯದರಲ್ಲಿ ನಮ್ಮ ಕೊನೆಯ ಆಸರೆ ಬಿಲ್ಲಿ ಕಾಚ್ ಬಂದ. ಅವನ ಎದುರು ಲೂಯಿಸ್ ಅಲಿಸೇಯಾ ಒಂದು ಸಿಂಗಲ್ ಹೊಡೆದ. 11-11. ಪೋಸ್ಟ್ ತಾತ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ‘ಗಿಬ್ಸನ್’ ಎಂದು ಒಂದೇ ಮಾತು ಹೇಳಿ ಸುಮ್ಮನಾದರು. 1988ರ ವರ್ಲ್ಡ್ ಸೀರೀಸಿನ ಮೊದಲ ಮ್ಯಾಚಿನಲ್ಲಿ, ಸರಿಯಾಗಿ ನಡೆಯಲೂ ಆಗದಿದ್ದ ಕರ್ಕ್ ಗಿಬ್ಸನ್ ನಮ್ಮ ಡೆನಿಸ್ ಎಕರ್ಸ್ಲಿಯ ಚೆಂಡನ್ನು ಗ್ಯಾಲರಿಗೆ ಎತ್ತಿ ಡಾಜರ್ಸ್ ತಂಡವನ್ನು ಗೆಲ್ಲಿಸಿದ್ದ. ಓಕ್ಲೆಂಡಿನಲ್ಲಿ ಆ ಹೆಸರು ಹೇಳಿದರೆ ವಿವರಣೆ ಬೇಕಾಗುವುದಿಲ್ಲ.

ಮಾವ ಹಾಳೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಮತ್ತೆ ಕೂಡುತ್ತಿದ್ದರು. ಎಲ್ಲೋ ಒಂದು ರನ್ ಹೆಚ್ಚು ಬರೆದಿರಬಹುದು ಎಂಬ ಆಸೆ. ಲೆಕ್ಕ ಸರಿಯಾಗಿತ್ತು.

ಒಂಬತ್ತನೆಯ ಇನ್ನಿಂಗ್ಸಿನ ಕೆಳಭಾಗ. ಜರ್ಮೇನ್ ಡೈ ಚೆಂಡನ್ನು ಗಾಳಿಗೆ ಹೊಡೆದು ಕ್ಯಾಚ್ ಕೊಟ್ಟ. ಒಂದು ಔಟ್. ಮುಂದೆ ಆಡಬೇಕಾದವನು ಎರಿಕ್ ಬರ್ನ್ಸ್. ಅವನ ಬದಲಿಗೆ ಬ್ಯಾಟು ಹಿಡಿದು ಬಂದವನು, ಅದುವರೆಗೆ ಆ ರಾತ್ರಿ ಆಡದೆ ಕೂತಿದ್ದ ಹ್ಯಾಟೆಬರ್ಗ್. ಬದಲಿ ಆಟಗಾರ ಬಂದರೆ ಬರ್ನ್ಸ್ ಹೆಸರಿನ ಕೆಳಗೆ ಹೊಸ ಹೆಸರು ಬರೆಯಬೇಕು. ಮಾವ ತಲೆ ಬಗ್ಗಿಸಿ ‘ಹ್ಯಾ’ ಬರೆದು, ‘ಟೆ’ ಬರೆದು, ‘ಬ’ಕ್ಕೆ ಬರುವಷ್ಟರಲ್ಲಿ ಜೇಸನ್ ಗ್ರಿಮ್ಸ್ಲಿಯ ಮೊದಲ ಚೆಂಡು ಬಂದು ಹೋಯಿತು. ಅವನು ಬೀಸಲಿಲ್ಲ. ‘ಒಳ್ಳೇ ಹುಡುಗ, ಬಿಟ್ಟ ನೋಡು’ ಅಂದರು ಮಾವ, ತಲೆ ಎತ್ತಿ.

ಎರಡನೆಯ ಚೆಂಡು. ಆ ಹೊಡೆತದ ಸದ್ದು ಮೂರನೆಯ ಅಂತಸ್ತಿಗೆ ಚೆಂಡು ಮೇಲೆದ್ದ ಮೇಲೆ ಬಂತು. ಬಲ ಮತ್ತು ಮಧ್ಯದ ನಡುವೆ ಎತ್ತರಕ್ಕೆ ಹೋಯಿತು. ರಾಯಲ್ಸ್ ಆಟಗಾರ ಓಡುತ್ತಾ ಓಡುತ್ತಾ ಬೇಲಿಯ ಹತ್ತಿರ ನಿಧಾನ ಮಾಡಿದ. ಅವನು ನಿಧಾನ ಮಾಡಿದ್ದನ್ನು ಕಂಡೇ ನಮಗೆ ಗೊತ್ತಾದದ್ದು. ಹ್ಯಾಟೆಬರ್ಗ್ ಎರಡೂ ಕೈ ಮೇಲೆತ್ತಿ ಓಡುತ್ತಿದ್ದ. ಕಾಲಕೆಳಗಿನ ಕಾಂಕ್ರೀಟು ಅದುರುತ್ತಿತ್ತು. ಅದು ನಾನು ಉತ್ಪ್ರೇಕ್ಷೆಗೆ ಹೇಳುವ ಮಾತಲ್ಲ, ಕೊಲಿಸಿಯಂ ಬಲ್ಲವರು ಒಪ್ಪುತ್ತಾರೆ. 12-11. ಇಪ್ಪತ್ತು. ಪೋಸ್ಟ್ ತಾತ ಮಾವನನ್ನು ತಬ್ಬಿ ಎತ್ತಿಬಿಟ್ಟಿದ್ದರು. ಅರವತ್ತೈದು ದಾಟಿದ ನನ್ನ ಮಾವ, ಸೊಸೆಯ ಮುಂದೆ ಜೋರಾಗಿ ನಗುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದವರು, ಮಫ್ಲರ್ ಬಿಚ್ಚಿ ತಲೆಯ ಮೇಲೆ ತಿರುಗಿಸುತ್ತಿದ್ದರು.

ಆಮೇಲೆ ಅವರು ಮಾಡಿದ್ದನ್ನು ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ. ಕ್ರಿಕೆಟ್ಟಿನಲ್ಲಿ ಎರಡು ತಂಡಕ್ಕೂ ಒಬ್ಬೊಬ್ಬ ಸ್ಕೋರರ್. ಇಬ್ಬರೂ ಪುಸ್ತಕ ತಾಳೆ ನೋಡಿ ಒಪ್ಪಿದರೇ ಲೆಕ್ಕ. ಜನ ಇನ್ನೂ ಕುಣಿಯುತ್ತಿರುವಾಗ ಮಾವ ಕೂತು ಕೊನೆಯ ಚೌಕ ತುಂಬಿದರು, ಪೋಸ್ಟ್ ತಾತನ ಹಾಳೆಯನ್ನು ಪಕ್ಕಕ್ಕಿಟ್ಟು ಸಾಲುಸಾಲಾಗಿ ಹೋಲಿಸಿದರು. ಮೊತ್ತ ಕೂಡಿಬಂದ ಮೇಲೆ ತಮ್ಮ ಸಹಿ ಹಾಕಿ, ಅವರ ಕಡೆ ನೋಟ್‌ಬುಕ್ ಚಾಚಿ, ‘ಪ್ಲೀಸ್, ಸರ್’ ಅಂದರು. ಅಂಚೆಯಲ್ಲಿ ಸಾವಿರಾರು ಸಲ ಬೇರೆಯವರ ಸಹಿ ತೆಗೆದುಕೊಂಡಿದ್ದ ಆ ಮನುಷ್ಯ ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು.

ಸಾಲು ಎರಡು ದಿನದ ಮೇಲೆ ಮಿನೆಸೋಟದಲ್ಲಿ ಮುರಿಯಿತು. ಆ ವರ್ಷ ಒಟ್ಟು 103 ಮ್ಯಾಚ್ ಗೆದ್ದ ತಂಡ, ಪ್ಲೇಆಫ್‌ನ ಐದನೆಯ ಮ್ಯಾಚಿನಲ್ಲಿ ಅದೇ ಮಿನೆಸೋಟದ ಕೈಯಲ್ಲಿ ಒಂದೇ ರನ್ನಿಗೆ ಸೋತಿತು. 2000ದಿಂದ 2003ರವರೆಗೆ ನಾಲ್ಕೂ ವರ್ಷ ಹೀಗೆಯೇ ಐದನೆಯ ಮ್ಯಾಚಿನಲ್ಲಿ ಸೋತರು. ಇಪ್ಪತ್ತರ ದಾಖಲೆಯನ್ನು 2017ರಲ್ಲಿ ಕ್ಲೀವ್‌ಲೆಂಡ್ ಇಪ್ಪತ್ತೆರಡು ಗೆದ್ದು ಮುರಿಯಿತು. ಅಂಕಿಅಂಶ ಹಿಡಿದು ಅಗ್ಗದಲ್ಲಿ ತಂಡ ಕಟ್ಟಿದ ಬಿಲ್ಲಿ ಬೀನ್ ಬಗ್ಗೆ ಮೈಕೆಲ್ ಲೂಯಿಸ್ ಬರೆದ ‘ಮನಿಬಾಲ್’ 2003ರಲ್ಲಿ ಬಂತು, ಬ್ರ್ಯಾಡ್ ಪಿಟ್ ನಟಿಸಿದ ಸಿನಿಮಾ 2011ರಲ್ಲಿ. ಮಾವ ಮೈಸೂರಿನಲ್ಲಿ ಸಿನಿಮಾ ನೋಡಿ ಫೋನ್ ಮಾಡಿದರು. ಹ್ಯಾಟೆಬರ್ಗ್ ಹೊಡೆತ ಚೆನ್ನಾಗಿ ಬಂದಿದೆ, ಆದರೆ ಚೆಂಡು ಎಸೆಯುತ್ತಿದ್ದ ಹಡ್ಸನ್, ಮಲ್ಡರ್, ಝೀಟೋ ಎಲ್ಲಮ್ಮಾ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. 2002ರಲ್ಲಿ 23 ಮ್ಯಾಚ್ ಗೆದ್ದು, ಎಸೆಯುವವರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದವನು ಝೀಟೋ, ಲೀಗಿನ ಅತ್ಯುತ್ತಮ ಆಟಗಾರನೆನಿಸಿಕೊಂಡವನು ತೆಹಾದಾ. ಆ ಹುಡುಗರನ್ನು ಬಿಟ್ಟು ಆ ಗೆಲುವನ್ನು ಹೇಳುವುದು ಅರ್ಧ ಸತ್ಯ. ಮಾವನಿಗೆ ಮತ್ತೆ ಇಲ್ಲಿಗೆ ಬರಲಾಗಲಿಲ್ಲ. ಈಗ ಅವರಿಲ್ಲ.

ನಾವು ಹೋಗುತ್ತಲೇ ಇದ್ದೆವು. ಮೈದಾನ ಹಳೆಯದಾಗುತ್ತಾ ಬಂತು. ಚರಂಡಿ ಉಕ್ಕಿ ಆಟಗಾರರ ಕೋಣೆಗೆ ನುಗ್ಗಿತು, ಗ್ಯಾಲರಿಯಡಿ ಬೆಕ್ಕುಗಳು ಸಂಸಾರ ಹೂಡಿದವು. ಆದರೂ ಅಲ್ಲಿ ನಡೆದದ್ದು ನಡೆಯುತ್ತಲೇ ಇತ್ತು. 2010ರ ಅಮ್ಮಂದಿರ ದಿನ ಡಲ್ಲಾಸ್ ಬ್ರೇಡನ್ ಎದುರಾಳಿಗಳ ಇಪ್ಪತ್ತೇಳು ಜನರನ್ನೂ ಒಬ್ಬರೂ ಬೇಸ್ ಮುಟ್ಟದಂತೆ ಔಟ್ ಮಾಡಿದ. ಹೈಸ್ಕೂಲಿನಲ್ಲಿರುವಾಗಲೇ ತಾಯಿಯನ್ನು ಕ್ಯಾನ್ಸರಿನಲ್ಲಿ ಕಳೆದುಕೊಂಡು ಅಜ್ಜಿಯ ಕೈಯಲ್ಲಿ ಬೆಳೆದವನು. ಆಟ ಮುಗಿದೊಡನೆ ಆ ಅಜ್ಜಿ ಅಂಗಳಕ್ಕಿಳಿದು ಬಂದು ಅವನನ್ನು ತಬ್ಬಿಕೊಂಡಳು. ಅವತ್ತು ಇದ್ದದ್ದು 12,228 ಜನ. ಪೋಸ್ಟ್ ತಾತ ಅವರಲ್ಲೊಬ್ಬರು. ಇದನ್ನು ಹೇಳುವಾಗ ಅವರು ಪ್ರತಿ ಸಲವೂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಹೊಸ ಮೈದಾನ ಬೇಕಿತ್ತು, ನಿಜ. ಊರಿನ ಬಂದರಿನಲ್ಲಿ ಕಟ್ಟುತ್ತೇವೆಂದು ವರ್ಷಗಟ್ಟಲೆ ಮಾತಾಡಿ, 2023ರಲ್ಲಿ ಮಾಲೀಕರು ಲಾಸ್ ವೇಗಸ್ ಕಡೆ ತಿರುಗಿದರು. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಬಿಟ್ಟುಕೊಟ್ಟು, ಟಿಕೆಟ್ ದರ ಏರಿಸಿ, ಜನ ಬರುತ್ತಿಲ್ಲ ಎಂದರು. ಅದಕ್ಕೆ ಜನ ಕೊಟ್ಟ ಉತ್ತರ ಜೂನ್ 13ರಂದು. ಆ ವರ್ಷ 112 ಮ್ಯಾಚ್ ಸೋತ ತಂಡವನ್ನು ನೋಡಲು, ಒಂದು ಸಾಮಾನ್ಯ ಮಂಗಳವಾರ ರಾತ್ರಿ, ಅಭಿಮಾನಿಗಳು ತಾವೇ ಕರೆ ಕೊಟ್ಟು 27,759 ಜನ ಸೇರಿದರು. ತಂಡವನ್ನು ಮಾರಿಬಿಡಿ ಎಂದು ಮಾಲೀಕರಿಗೆ ಹೇಳುವ ‘ಮಾರಿ’ ಎಂಬ ಒಂದೇ ಪದ ಬರೆದ ಹಸಿರು ಅಂಗಿಗಳನ್ನು ಹಂಚಿದರು, ಅದನ್ನೇ ಕೂಗಿದರು. ತಂಡ ಗೆದ್ದಿತು, 2-1, ಸಾಲಾಗಿ ಏಳನೆಯ ಗೆಲುವು. ಮಾರನೆಯ ದಿನವೇ ನೆವಾಡಾ ಶಾಸನಸಭೆ ಹೊಸ ಮೈದಾನಕ್ಕೆ 38 ಕೋಟಿ ಡಾಲರ್ ಸರ್ಕಾರಿ ಹಣಕ್ಕೆ ಒಪ್ಪಿಗೆ ಕೊಟ್ಟಿತು. ನವೆಂಬರಿನಲ್ಲಿ ಮೂವತ್ತೂ ತಂಡಗಳ ಮಾಲೀಕರು ಸ್ಥಳಾಂತರಕ್ಕೆ ಒಪ್ಪಿಗೆ ಕೊಟ್ಟರು. ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ 2019ರಲ್ಲಿ ಹೋಗಿತ್ತು, ರೇಡರ್ಸ್ 2020ರಲ್ಲಿ. ಐದು ವರ್ಷದೊಳಗೆ ಒಂದು ದುಡಿಯುವ ಜನರ ಊರಿನಿಂದ ಮೂರು ತಂಡಗಳನ್ನೂ ಎತ್ತಿಕೊಂಡು ಹೋದರು. ಇದನ್ನು ವ್ಯಾಪಾರ ಅನ್ನುವವರಿದ್ದಾರೆ. ನಾನು ಅನ್ಯಾಯ ಅನ್ನುತ್ತೇನೆ.

2024ರ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ, ಕೊಲಿಸಿಯಂನಲ್ಲಿ ಕೊನೆಯ ಮ್ಯಾಚ್, ಟೆಕ್ಸಸ್ ರೇಂಜರ್ಸ್ ಎದುರು. 46,889 ಜನ. 2002ರಲ್ಲಿ ತೊಟ್ಟಿಲಲ್ಲಿದ್ದ ಮಗಳು ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ಪೋಸ್ಟ್ ತಾತನನ್ನು ಅವರ ಮಗ ಗಾಲಿಕುರ್ಚಿಯಲ್ಲಿ ಕರೆತಂದಿದ್ದ. ರಾಷ್ಟ್ರಗೀತೆ ಹಾಡಿದವನು ಬ್ಯಾರಿ ಝೀಟೋ. ಮೊದಲ ಚೆಂಡು ಎಸೆದವರು ಓಕ್ಲೆಂಡಿನ ಮಕ್ಕಳೇ ಆದ ರಿಕಿ ಹೆಂಡರ್ಸನ್ ಮತ್ತು ಡೇವ್ ಸ್ಟುವರ್ಟ್. ಅಂಗಳ ನೋಡಿಕೊಳ್ಳುವವರು ಅಭಿಮಾನಿಗಳಿಗೆ ಅಲ್ಲಿನ ಮಣ್ಣನ್ನು ತುಂಬಿ ತುಂಬಿ ಕೊಡುತ್ತಿದ್ದರು. ನಾನು ಹಾಳೆಯಲ್ಲಿ ಸ್ಕೋರು ಬರೆದೆ, ಮಾವ ಕಲಿಸಿದ ಹಾಗೆ. ಕೊನೆಯ ಔಟ್ ಮೂರನೆಯ ಬೇಸಿನಿಂದ ಮೊದಲ ಬೇಸಿಗೆ: 5-3. ಗೆದ್ದೆವು, 3-2. ಮ್ಯಾನೇಜರ್ ಮಾರ್ಕ್ ಕೊಟ್ಸೇ ಆಟಗಾರರೊಂದಿಗೆ ಅಂಗಳಕ್ಕೆ ಬಂದು ಮೈಕ್ ಹಿಡಿದು ಜನರಿಗೆ ಧನ್ಯವಾದ ಹೇಳಿ, ಊರಿನ ಹೆಸರನ್ನು ಎಲ್ಲರಿಂದ ಕೂಗಿಸಿದ. ಐವತ್ತೇಳು ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು. ‘ತಂಡ ಹೋಗಲಿ, ನಾವಿಲ್ಲಿ ಇದ್ದೇವಲ್ಲ’ ಅಂದರು ಪೋಸ್ಟ್ ತಾತ.

ಮೂರು ತಿಂಗಳು ಕಳೆಯುವಷ್ಟರಲ್ಲಿ, ಡಿಸೆಂಬರ್ 20ರಂದು, ರಿಕಿ ಹೆಂಡರ್ಸನ್ ತೀರಿಕೊಂಡ. ಓಕ್ಲೆಂಡ್ ಟೆಕ್ ಹೈಸ್ಕೂಲಿನ ಹುಡುಗ. ಎಸೆಯುವವನ ಕಣ್ಣು ತಪ್ಪಿಸಿ ಓಡಿ 1,406 ಬೇಸುಗಳನ್ನು ಕದ್ದವನು, ಆ ದಾಖಲೆಯ ಹತ್ತಿರಕ್ಕೂ ಯಾರೂ ಬಂದಿಲ್ಲ. ಆ ವಾರ ನಮ್ಮ ಹಿತ್ತಿಲಲ್ಲಿ ಬೆಂಕಿಯ ಸುತ್ತ ಬೇರೆ ಮಾತೇ ಇರಲಿಲ್ಲ.

ಏಸ್ ಈಗ ಪಶ್ಚಿಮ ಸ್ಯಾಕ್ರಮೆಂಟೋದ ಸಣ್ಣ ಮೈದಾನವೊಂದರಲ್ಲಿ, ಯಾವ ಊರಿನ ಹೆಸರೂ ಇಲ್ಲದೆ ಆಡುತ್ತಿದೆ. ನಾನು ನೋಡಲು ಹೋಗುವುದಿಲ್ಲ. ಆದರೆ ಓಕ್ಲೆಂಡಿನಲ್ಲಿ ಬೇಸ್‌ಬಾಲ್ ನಿಂತಿಲ್ಲ. ಊರಿನವರೇ ಸೇರಿ ಕಟ್ಟಿದ ಓಕ್ಲೆಂಡ್ ಬಾಲರ್ಸ್ ತಂಡ 2024ರಿಂದ ಪಶ್ಚಿಮ ಓಕ್ಲೆಂಡಿನ ರೈಮಾಂಡಿ ಪಾರ್ಕಿನಲ್ಲಿ ಆಡುತ್ತಿದೆ. ಎರಡನೆಯ ಮಹಾಯುದ್ಧದಲ್ಲಿ ಮಡಿದ ಓಕ್ಲೆಂಡಿನ ಆಟಗಾರ ಅರ್ನಿ ರೈಮಾಂಡಿಯ ಹೆಸರಿನ ಮೈದಾನ ಅದು. ಸುಮಾರು 4,000 ಜನ ಹಿಡಿಯುತ್ತದೆ. ಅಭಿಮಾನಿಗಳು ತಂಡದ ಷೇರು ಕೊಂಡಿದ್ದಾರೆ. ತನ್ನ ಎರಡನೆಯ ವರ್ಷದಲ್ಲೇ, 2025ರಲ್ಲಿ, ಪಯನಿಯರ್ ಲೀಗಿನ ಚಾಂಪಿಯನ್ ಆಯಿತು. ಬೇ ಏರಿಯಾದಲ್ಲಿರುವ ಕನ್ನಡಿಗರೇ, ಮೇ ತಿಂಗಳಲ್ಲಿ ಆಟ ಶುರುವಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಬನ್ನಿ, ಅಪ್ಪ-ಅಮ್ಮ ಊರಿನಿಂದ ಬಂದಿದ್ದರೆ ಅವರನ್ನೂ ಕರೆತನ್ನಿ, ಒಂದು ನೋಟ್‌ಬುಕ್ ಮತ್ತು ಎರಡು ಪೆನ್ಸಿಲ್ ತನ್ನಿ. ಸ್ಕೋರು ಬರೆಯುವುದನ್ನು ನಾನು ಹೇಳಿಕೊಡುತ್ತೇನೆ.